ಜರ್ಕಿ: ಮನೆಯಲ್ಲಿ ಒಣಗಿಸಲು ತಕ್ಕ ಮಾಂಸದ ಆಯ್ಕೆ

ಜರ್ಕಿ ಎಂದರೆ ಕೊಬ್ಬು ಕಡಿಮೆ ಇರುವ ಮಾಂಸವನ್ನು ತೆಳುಪಟ್ಟಿಗಳಾಗಿ ಸೀಳಿ, ಉಪ್ಪು ಮಸಾಲೆಗಳಲ್ಲಿ ನೆನೆಸಿ, ಮಂದ ಶಾಖದಲ್ಲಿ ಒಣಗಿಸಿದ ಆಹಾರ. ತಿನ್ನುವಾಗ ಅದನ್ನು ಮತ್ತೆ ಬೇಯಿಸುವುದಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಸೀಮೆಯ ಕೆಚುವಾ ಜನ ಲಾಮಾ, ಅಲ್ಪಾಕಾಗಳ ಮಾಂಸದಿಂದ ಮಾಡುತ್ತಿದ್ದ ಚಾರ್ಕಿ ಇದರ ಹೆಸರಿಗೆ ಮೂಲ. ಈಗ ಬಳಕೆಯಲ್ಲಿರುವ ರೂಪ ಬೆಳೆದದ್ದು ಉತ್ತರ ಅಮೆರಿಕದಲ್ಲಿ. ಅಲ್ಲಿ ಕಾರ್ಖಾನೆಯ ಜರ್ಕಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಆದರೂ ಬೇಟೆಗಾರರ ಮನೆಗಳಲ್ಲಿ, ಆಹಾರ ಒಣಗಿಸುವ ಯಂತ್ರವಾದ ಡಿಹೈಡ್ರೇಟರ್ ಇಟ್ಟುಕೊಂಡವರ ಅಡುಗೆಮನೆಗಳಲ್ಲಿ ಅದನ್ನು ಕೈಯಾರೆ ಮಾಡುವ ರೂಢಿ ಬಲವಾಗಿ ಉಳಿದಿದೆ. ಜರ್ಕಿಯ ಬಗೆಗಿನ ಮಾತು ಬಹುಪಾಲು ಮಸಾಲೆಯ ಸುತ್ತ ನಡೆಯುತ್ತದೆ: ಸೋಯಾ ಸಾಸ್ ಎಷ್ಟು, ಕರಿಮೆಣಸು ಎಷ್ಟು, ಹೊಗೆ ಬೇಕೋ ಬೇಡವೋ. ಅದರ ಗುಣ ನಿರ್ಧಾರವಾಗುವುದು ಮಾತ್ರ ಅದಕ್ಕೂ ಮೊದಲು, ಮಾಂಸದ ಅಂಗಡಿಯಲ್ಲಿ. ಒಣಗಿಸುವ ಕ್ರಿಯೆ ಮಾಂಸದಿಂದ ತೆಗೆಯುವುದು ನೀರನ್ನಷ್ಟೆ. ಅದು ಕೊಬ್ಬನ್ನು ತೆಗೆಯುವುದಿಲ್ಲ, ಗಡುಸು ಪೊರೆಗಳನ್ನು ಮೆದುವಾಗಿಸುವುದಿಲ್ಲ, ಒಳಹೊಕ್ಕ ರೋಗಾಣುಗಳನ್ನು ತಾನಾಗಿ ಕೊಲ್ಲುವುದೂ ಇಲ್ಲ. ನೀರು ಹೋದ ಮೇಲೆ ಕೊಬ್ಬು, ಪೊರೆಗಳೆಲ್ಲ ಕಡಿಮೆ ತೂಕದಲ್ಲಿ ಇನ್ನಷ್ಟು ದಟ್ಟವಾಗಿ ಉಳಿದುಬಿಡುತ್ತವೆ. ಆದುದರಿಂದ ಜರ್ಕಿಗೆ ತಕ್ಕ ಮಾಂಸ ಯಾವುದು ಎಂದು ಕೇಳುವವರು ಮೊದಲು ಕೇಳಿಕೊಳ್ಳಬೇಕಾದದ್ದು, ಈ ತುಂಡಿನಲ್ಲಿ ನೀರು ಹೋದರೆ ಉಳಿಯುವುದೇನು ಎಂದು. ಮುಂದಿನ ವಿವೇಚನೆಯೆಲ್ಲ ಈ ಒಂದು ಪ್ರಶ್ನೆಯನ್ನೇ ಆಧರಿಸಿದೆ.

ಕೊಬ್ಬಿನ ಲೆಕ್ಕ

ಕೊಬ್ಬು ಕಡಿಮೆಯಿರುವ ಹಸಿಮಾಂಸದಲ್ಲಿ ಸುಮಾರು ಶೇ. 75 ಭಾಗ ನೀರು, ಶೇ. 20ರ ಆಸುಪಾಸು ಪ್ರೋಟೀನು. ಅಮೆರಿಕದ ಕೃಷಿ ಇಲಾಖೆಯ ಅಂದಾಜಿನ ಪ್ರಕಾರ ಜರ್ಕಿಯಾದ ಮೇಲೆ ಮಾಂಸದ ತೂಕ ಸರಿಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಈ ಇಳಿಕೆಯ ಪರಿಣಾಮ ಕೊಬ್ಬಿನ ಮೇಲೆ ಏನೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಒಂದು ಕಿಲೋ ಮಾಂಸದಲ್ಲಿ ಶೇ. 3ರಷ್ಟು, ಅಂದರೆ 30 ಗ್ರಾಂ ಕೊಬ್ಬಿದ್ದು, ಅದು ಒಣಗಿ 300 ಗ್ರಾಂ ಆದರೆ ಕೊಬ್ಬಿನ ಪ್ರಮಾಣ ಶೇ. 10 ಆಗುತ್ತದೆ. ಅದೇ ಒಂದು ಕಿಲೋದಲ್ಲಿ 100 ಗ್ರಾಂ ಕೊಬ್ಬಿದ್ದರೆ ಒಣಗಿದ ಮೇಲೆ ಅದು ಒಟ್ಟು ತೂಕದ ಕಾಲುಭಾಗವನ್ನೂ ಮೀರುತ್ತದೆ. ಹಸಿಯಾಗಿದ್ದಾಗ ಸಣ್ಣದೆನಿಸಿದ ವ್ಯತ್ಯಾಸ ಒಣಗಿದ ಮೇಲೆ ದೊಡ್ಡದಾಗುತ್ತದೆ. ಕೊಬ್ಬಿನಲ್ಲಿ ಇರುವ ನೀರೇ ಕಡಿಮೆಯಾದ್ದರಿಂದ ಅದು ಒಣಗುವ ಪದಾರ್ಥವೇ ಅಲ್ಲ. ಶಾಖಕ್ಕೆ ಕರಗಿ ಪಟ್ಟಿಯ ಮೇಲೆ ಹರಡಿ, ಕೆಳಗಿನ ನೀರು ಹೊರಬರಲು ಅಡ್ಡಿಯಾಗುತ್ತದೆ. ಹಾಗಾಗಿ ಕೊಬ್ಬಿರುವ ಪಟ್ಟಿ ಒಂದು ಕಡೆ ಬಿರುಸಾಗಿ, ಇನ್ನೊಂದು ಕಡೆ ಹಸಿಯಾಗಿ ಉಳಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಕಮಟಾಗುವ ಸಮಸ್ಯೆ. ಒಣಗಿಸಿ ಕಾಪಿಡುವುದರ ತತ್ತ್ವವೆಂದರೆ ಸೂಕ್ಷ್ಮಜೀವಿಗಳಿಗೆ ಬಳಸಲು ಸಿಗುವ ನೀರನ್ನು ಕಡಿತಗೊಳಿಸುವುದು. ಹೀಗೆ ಸಿಗುವ ನೀರಿನ ಅಳತೆಗೆ ಆಹಾರ ವಿಜ್ಞಾನದಲ್ಲಿ ನೀರಿನ ಚಟುವಟಿಕೆ ಎಂಬ ಮಾನವಿದೆ. ಶುದ್ಧ ನೀರಿಗೆ ಅದು 1. ಗಾಳಿಯಾಡುವ ಕಡೆ ಇಡುವ ಜರ್ಕಿಯಲ್ಲಿ ಅದನ್ನು 0.85 ಅಥವಾ ಅದಕ್ಕೂ ಕೆಳಕ್ಕೆ ಇಳಿಸಬೇಕೆಂಬುದು ಅಮೆರಿಕದಲ್ಲಿ ಉದ್ಯಮಕ್ಕೆ ಹಾಕಿಕೊಟ್ಟ ಮಾರ್ಗಸೂಚಿ. ಏಕೆಂದರೆ ಒಣ ಆಹಾರದಲ್ಲೂ ಬೆಳೆದು ವಿಷ ಉಂಟುಮಾಡಬಲ್ಲ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯ ಕೂಡ ಸುಮಾರು ಆ ಮಟ್ಟಕ್ಕೆ ನಿಂತುಹೋಗುತ್ತದೆ. ಆದರೆ ಕೊಬ್ಬು ಕೆಡಲು ಸೂಕ್ಷ್ಮಜೀವಿ ಬೇಕಿಲ್ಲ, ಗಾಳಿಯ ಆಮ್ಲಜನಕ ಸಾಕು. ಮಾಂಸದ ಕೆಂಪಿಗೆ ಕಾರಣವಾದ ಕಬ್ಬಿಣಾಂಶವೂ, ಹಚ್ಚಿದ ಉಪ್ಪೂ ಆ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಅಂದರೆ ಮಾಂಸವನ್ನು ಕಾಪಾಡಲು ನಾವು ಮಾಡುವ ಕೆಲಸವೇ ಕೊಬ್ಬನ್ನು ಕಾಪಾಡಲಾರದು. ಇಲ್ಲಿ ಉಳಿಯುವ ಉಪಾಯ ಒಂದೇ: ಒಣಗಿಸುವ ಮೊದಲೇ ಕೊಬ್ಬಿಲ್ಲದ ತುಂಡನ್ನು ಆರಿಸಿ, ಅಂಚಿನಲ್ಲಿರುವುದನ್ನು ಚಾಕುವಿನಿಂದ ಹೆರೆದು ತೆಗೆಯುವುದು.

ಇದಕ್ಕೆ ಬರುವ ಸಹಜ ಆಕ್ಷೇಪ, ರುಚಿಯಿರುವುದು ಕೊಬ್ಬಿನಲ್ಲೇ ಅಲ್ಲವೇ ಎಂಬುದು. ದಕ್ಷಿಣ ಆಫ್ರಿಕಾದ ಬಿಲ್ಟಾಂಗ್ ಇದಕ್ಕೆ ನಿದರ್ಶನವಾಗಿ ನಿಲ್ಲುತ್ತದೆ. ವಿನೆಗರ್, ಉಪ್ಪು, ಹುರಿದ ಕೊತ್ತಂಬರಿ ಬೀಜ, ಕರಿಮೆಣಸು ಹಚ್ಚಿ, ದಪ್ಪ ಸೀಳುಗಳನ್ನು ಗಾಳಿಗೆ ತೂಗುಹಾಕಿ ಒಣಗಿಸುವ ಆ ಆಹಾರದಲ್ಲಿ ಒಂದು ಅಂಚಿಗೆ ಕೊಬ್ಬು ಬಿಡುವುದನ್ನು ಮೆಚ್ಚುವವರು ಬಹಳ. ಆಕ್ಷೇಪದಲ್ಲಿ ಸತ್ಯವಿದೆ, ಆದರೆ ಅದರ ವ್ಯಾಪ್ತಿ ಕಿರಿದು. ಬಿಲ್ಟಾಂಗ್‌ನ ಕೊಬ್ಬು ಮಾಂಸದ ಹೊರಮೈಯಲ್ಲಿ ಪ್ರತ್ಯೇಕ ಪದರವಾಗಿರುತ್ತದೆ, ಎಳೆಗಳ ನಡುವೆ ಹರಡಿರುವುದಿಲ್ಲ; ಹೀಗಾಗಿ ಮಾಂಸ ಒಣಗಲು ಅದು ಅಷ್ಟಾಗಿ ಅಡ್ಡಬರುವುದಿಲ್ಲ. ಅಂಥ ತುಂಡು ಬೇಗ ತಿಂದು ಮುಗಿಸುವವರಿಗೆ ಸರಿ, ಇಟ್ಟು ತಿನ್ನುವವರಿಗೆ ಅಲ್ಲ. ಕೊಬ್ಬನ್ನು ನಿಜವಾಗಿ ಬೇಕೆಂದುಕೊಂಡು, ತಿಂಗಳುಗಟ್ಟಲೆ ಕಾಪಿಡಲೂ ಬಯಸಿದ ಜನ ಏನು ಮಾಡಿದರೆಂಬುದಕ್ಕೆ ಉತ್ತರ ಅಮೆರಿಕದ ಬಯಲುಸೀಮೆಯ ಮೂಲನಿವಾಸಿಗಳ ಪೆಮ್ಮಿಕನ್ ಸಾಕ್ಷಿ. ಅವರು ಕಾಡೆಮ್ಮೆಯ ಕೊಬ್ಬಿಲ್ಲದ ಮಾಂಸವನ್ನು ತೆಳ್ಳಗೆ ಸೀಳಿ ಒಣಗಿಸಿ, ಕುಟ್ಟಿ ಪುಡಿಮಾಡಿ, ಬೇರೆಯಾಗಿ ಕಾಯಿಸಿ ನೀರಾರಿಸಿದ ಕೊಬ್ಬನ್ನು ಆಮೇಲೆ ಅದಕ್ಕೆ ಸುರಿದು ಕಲಸುತ್ತಿದ್ದರು. ಆ ಆಹಾರದ ಮೇಲೆ ತುಪ್ಪಳಚರ್ಮ ವ್ಯಾಪಾರದ ಕಂಪನಿಗಳು ಎಷ್ಟು ಅವಲಂಬಿಸಿದ್ದವೆಂದರೆ, 1814ರಲ್ಲಿ ಕೆನಡಾದ ರೆಡ್ ರಿವರ್ ವಸಾಹತಿನ ಗವರ್ನರ್ ಮೈಲ್ಸ್ ಮ್ಯಾಕ್‌ಡೊನೆಲ್ ಪೆಮ್ಮಿಕನ್ ಹೊರಸಾಗಿಸದಂತೆ ಘೋಷಣೆ ಹೊರಡಿಸಿದಾಗ ಅದು ದೊಡ್ಡ ಸಂಘರ್ಷಕ್ಕೆ ದಾರಿಮಾಡಿತು. ಕೊಬ್ಬಿಗೆ ಬಹಳ ಬೆಲೆ ಕೊಟ್ಟವರೇ ಅದನ್ನು ಮಾಂಸದೊಂದಿಗೆ ಒಣಗಿಸದೆ ಬೇರ್ಪಡಿಸಿದರು. ಕೊಬ್ಬಿಲ್ಲದ ಮಾಂಸದ ಪರವಾಗಿ ಇದಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ದೇಹದ ಯಾವ ಭಾಗ

ಕೊಬ್ಬು ಕಡಿಮೆಯಿದ್ದರಷ್ಟೆ ಸಾಲದು. ಮೊಣಕಾಲಿನ ಕೆಳಗಿನ ಮಾಂಸದಲ್ಲೂ ಕತ್ತಿನ ಮಾಂಸದಲ್ಲೂ ಸ್ನಾಯುಗಳು ಚಿಕ್ಕಚಿಕ್ಕವಾಗಿ, ಬಿಳಿಯ ಗಟ್ಟಿ ಪೊರೆಗಳಿಂದ ಹೆಣೆದುಕೊಂಡಿರುತ್ತವೆ. ಆ ಪೊರೆಗಳ ಮುಖ್ಯ ದ್ರವ್ಯ ಕೊಲಾಜೆನ್. ಸಾರಿನಲ್ಲಿ ಹೊತ್ತುಗಟ್ಟಲೆ ಕುದಿಸಿದರೆ ಅದು ಕರಗಿ ಜಿಗುಟಾದ ಜೆಲಟಿನ್ ಆಗುತ್ತದೆ. ಅದಕ್ಕೇ ಕಾಲಿನ ಸೂಪು ಅಷ್ಟು ಗಾಢ. ಡಿಹೈಡ್ರೇಟರ್‌ನ ಒಣ ಶಾಖದಲ್ಲಿ ಆ ಮಾರ್ಪಾಡಿಗೆ ಬೇಕಾದ ತೇವವೂ ಇಲ್ಲ, ಕಾವೂ ಇಲ್ಲ. ಅಲ್ಲಿ ಪೊರೆ ಇನ್ನಷ್ಟು ಬಿಗಿದು, ಹಲ್ಲಿಗೆ ಜಗ್ಗದ ಚರ್ಮವಾಗುತ್ತದೆ. ಒಂದೇ ದೊಡ್ಡ ಸ್ನಾಯುವಾಗಿದ್ದು, ಎಳೆಗಳೆಲ್ಲ ಒಂದೇ ದಿಕ್ಕಿಗೆ ಹರಿದಿರುವ ಭಾಗ ಬೇಕು. ಆಗ ಮಾತ್ರ ಸಮದಪ್ಪದ ಪಟ್ಟಿಗಳು ಬರುತ್ತವೆ, ಒಟ್ಟಿಗೆ ಒಣಗುತ್ತವೆ. ಈ ಎಲ್ಲ ಗುಣಗಳೂ ಕೂಡಿಬರುವುದು ಹಿಂಗಾಲಿನ ತೊಡೆಯಲ್ಲಿ. ಅಮೆರಿಕದ ಮಾಂಸದಂಗಡಿಗಳಲ್ಲಿ ದನದ ತೊಡೆಯನ್ನು ಟಾಪ್ ರೌಂಡ್, ಬಾಟಮ್ ರೌಂಡ್, ಐ ಆಫ್ ರೌಂಡ್ ಎಂದು ವಿಂಗಡಿಸಿ ಮಾರುತ್ತಾರೆ. ಇವುಗಳಲ್ಲಿ ಐ ಆಫ್ ರೌಂಡ್ ಉರುಳೆಯಾಕಾರದ ಒಂದೇ ಸ್ನಾಯು. ಸೀಳಲು ಎಲ್ಲಕ್ಕಿಂತ ಸುಲಭ. ಟಾಪ್ ರೌಂಡ್ ಅಗಲವಾಗಿ, ಸ್ವಲ್ಪ ಮೆದುವಾಗಿರುತ್ತದೆ. ಪಕ್ಕೆಯ ಕೆಳಗಿನ ಚಪ್ಪಟೆ ಫ್ಲ್ಯಾಂಕ್ ಎಳೆ ಸ್ಪಷ್ಟವಾಗಿರುವುದರಿಂದ ಒಳ್ಳೆಯದೇ, ಆದರೆ ದುಬಾರಿ. ಎದೆಯ ಮಾಂಸವಾದ ಬ್ರಿಸ್ಕೆಟ್‌ನಲ್ಲಿ ಕೊಬ್ಬೂ ಕೊಲಾಜೆನ್ನೂ ಎರಡೂ ಹೆಚ್ಚು. ಅದು ನಿಧಾನವಾಗಿ ಬೇಯಿಸುವ ಅಡುಗೆಗೆ ಸೇರಿದ್ದು.

ಇಲ್ಲಿ ಬೆಲೆಯ ಮಾತು ತಾನಾಗಿ ತಲೆಕೆಳಗಾಗುತ್ತದೆ. ಅಮೆರಿಕದಲ್ಲಿ ದನದ ಮಾಂಸಕ್ಕೆ ಪ್ರೈಮ್, ಚಾಯ್ಸ್, ಸೆಲೆಕ್ಟ್ ಎಂಬ ದರ್ಜೆಗಳಿವೆ. ಸ್ನಾಯುವಿನ ಒಳಗೆ ಬಿಳಿ ಗೆರೆಗಳಾಗಿ ಹರಡಿದ ಕೊಬ್ಬು ಎಷ್ಟು ಹೆಚ್ಚೋ ದರ್ಜೆ ಅಷ್ಟು ಮೇಲು, ಬೆಲೆಯೂ ಮೇಲು. ಸುಟ್ಟು ತಿನ್ನುವ ಸ್ಟೇಕ್‌ಗೆ ಅದು ನ್ಯಾಯವಾದ ಅಳತೆ. ಜರ್ಕಿಗೆ ಕೆಳದರ್ಜೆಯ ಸೆಲೆಕ್ಟ್ ಮಾಂಸವೇ ಮೇಲು. ಬೆನ್ನಿನ ಒಳಭಾಗದ ಟೆಂಡರ್‌ಲಾಯಿನ್ ಕೊಬ್ಬು ಕಡಿಮೆಯಿದ್ದು ತುಂಬ ಮೆದುವಾದದ್ದು ನಿಜ. ಆದರೆ ಅದಕ್ಕೆ ತೆರುವ ಬೆಲೆ ಆ ಮೆದುತನಕ್ಕೆ, ಜರ್ಕಿಯಲ್ಲಿ ಜಗಿತವೇ ಮುಖ್ಯ ಗುಣ. ಜಗಿತವನ್ನು ಹತೋಟಿಯಲ್ಲಿಡುವ ದಾರಿ ಸೀಳುವ ಕ್ರಮದಲ್ಲಿದೆ: ಎಳೆಯ ಗುಂಟ ಸೀಳಿದರೆ ಪಟ್ಟಿ ಗಡುಸಾಗಿ ಹೊತ್ತು ಜಗಿಯಬೇಕಾಗುತ್ತದೆ, ಎಳೆಗೆ ಅಡ್ಡಲಾಗಿ ಸೀಳಿದರೆ ಸುಲಭವಾಗಿ ಮುರಿಯುತ್ತದೆ. ಮಾಂಸವನ್ನು ಅರೆಹೆಪ್ಪುಗಟ್ಟಿಸಿ, 6 ಮಿಲಿಮೀಟರಿಗಿಂತ ದಪ್ಪವಾಗದಂತೆ ಸೀಳುವುದು ರೂಢಿ. ಇದರರ್ಥ, ಅಗ್ಗದ ತೊಡೆಮಾಂಸವನ್ನು ಕೊಂಡವರು ಚಾಕುವಿನ ದಿಕ್ಕನ್ನು ಬದಲಿಸಿ ತಮಗೆ ಬೇಕಾದ ಹದ ಪಡೆಯಬಲ್ಲರು.

ಪ್ರಾಣಿ ಸಾಯುವ ಮುನ್ನಿನ ಸ್ಥಿತಿಯೂ ಆಯ್ಕೆಗೆ ಸೇರಿದ್ದೇ. ದಣಿಯದೆ, ಬೆದರದೆ ವಧೆಯಾದ ಪ್ರಾಣಿಯ ಸ್ನಾಯುವಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಲ್ಯಾಕ್ಟಿಕ್ ಆಮ್ಲವಾಗಿ, ಮಾಂಸದ ಪಿಎಚ್ ಸುಮಾರು 5.4–5.8ರ ಮಟ್ಟಕ್ಕೆ ಇಳಿಯುತ್ತದೆ. ಅಟ್ಟಾಡಿಸಿದ, ದೂರ ಸಾಗಿಸಿ ಹಸಿವಿಗೊಳಪಡಿಸಿದ ಪ್ರಾಣಿಯಲ್ಲಿ ಗ್ಲೈಕೋಜನ್ ಮುಗಿದಿರುವುದರಿಂದ ಆಮ್ಲ ಹುಟ್ಟುವುದಿಲ್ಲ. ಪಿಎಚ್ 6ರ ಮೇಲೆಯೇ ನಿಲ್ಲುತ್ತದೆ. ಅಂಥ ಮಾಂಸ ಕಪ್ಪಾಗಿ, ಅಂಟಂಟಾಗಿ ಕಾಣುತ್ತದೆ. ನೀರನ್ನು ಬಿಗಿಯಾಗಿ ಹಿಡಿದುಕೊಂಡು ಒಣಗಲು ತಡಮಾಡುತ್ತದೆ, ಬ್ಯಾಕ್ಟೀರಿಯಗಳಿಗೂ ಬೇಗ ಎಡೆಮಾಡಿಕೊಡುತ್ತದೆ. ಬಣ್ಣ ನೋಡಿ ಅದನ್ನು ಬಿಡುವುದು ಲೇಸು. ವಯಸ್ಸಾದ ಪ್ರಾಣಿಯ ಮಾಂಸಕ್ಕೂ ಒಂದು ಎಚ್ಚರಿಕೆ ಬೇಕು: ವಯಸ್ಸಿನೊಂದಿಗೆ ಕೊಲಾಜೆನ್ ಎಳೆಗಳು ಪರಸ್ಪರ ಬಿಗಿದುಕೊಳ್ಳುವುದರಿಂದ ಪೊರೆಗಳನ್ನು ಇನ್ನಷ್ಟು ಶ್ರದ್ಧೆಯಿಂದ ಬಿಡಿಸಿ ತೆಗೆಯಬೇಕಾಗುತ್ತದೆ.

ಪ್ರಾಣಿಯಿಂದ ಪ್ರಾಣಿಗೆ

ದನದ ಮಾಂಸಕ್ಕೆ ಹತ್ತಿರದ್ದಾಗಿ ಎಮ್ಮೆ, ಕಾಡೆಮ್ಮೆ, ಯಾಕ್‌ಗಳ ಮಾಂಸ ನಿಲ್ಲುತ್ತದೆ. ಎಮ್ಮೆಯ ಮಾಂಸದ ಎಳೆ ಒರಟು, ಬಣ್ಣ ಗಾಢ, ಒಳಗೊಬ್ಬು ಕಡಿಮೆ. ನೇಪಾಳದ ಒಣಮಾಂಸವಾದ ಸುಕುಟಿಗೆ ಅದು ಮೆಚ್ಚಿನದಾಗಿರುವುದು ಆಕಸ್ಮಿಕವಲ್ಲ. ಕರ್ನಾಟಕದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ, 2020 ದನ, ಎತ್ತು, ಕರುಗಳ ಜೊತೆಗೆ 13 ವರ್ಷದೊಳಗಿನ ಎಮ್ಮೆ ಕೋಣಗಳ ವಧೆಯನ್ನೂ ನಿಷೇಧಿಸಿರುವುದರಿಂದ, ಇಲ್ಲಿ ಮನೆಯಲ್ಲಿ ಮಾಡಬಯಸುವವರ ಆಯ್ಕೆ ಸಹಜವಾಗಿ ಆಡು, ಕುರಿ, ಕೋಳಿ, ಹಂದಿಗಳತ್ತ ತಿರುಗುತ್ತದೆ. ಇವುಗಳಲ್ಲಿ ಆಡಿನ ಮಾಂಸಕ್ಕೆ ಮೊದಲ ಸ್ಥಾನ. ಆಡು ತನ್ನ ಕೊಬ್ಬನ್ನು ಹೆಚ್ಚಾಗಿ ಮೂತ್ರಪಿಂಡ, ಕರುಳುಗಳ ಸುತ್ತ ಕೂಡಿಡುತ್ತದೆ; ತೊಡೆಯ ಎಳೆಗಳ ನಡುವೆ ಕೊಬ್ಬು ಕಡಿಮೆ. ಕುರಿಯ ಕೊಬ್ಬು ಬಾಯಲ್ಲಿ ಬೇಗ ಹೆಪ್ಪುಗಟ್ಟುವಂಥದು, ಅದರ ತೀಕ್ಷ್ಣ ವಾಸನೆ ಒಣಗಿದಷ್ಟೂ ದಟ್ಟವಾಗುತ್ತದೆ. ಕೊಬ್ಬನ್ನು ಪೂರ್ತಿ ಹೆರೆದ ತೊಡೆಯಾದರೆ ಮಾತ್ರ ಕುರಿ ಒಪ್ಪುತ್ತದೆ. ನಮ್ಮ ಮಟನ್ ಅಂಗಡಿಗಳಲ್ಲಿ ಮೂಳೆಸಮೇತ ತುಂಡು ಮಾಡಿಕೊಡುವುದೇ ವಾಡಿಕೆಯಾದ್ದರಿಂದ, ಕತ್ತಿ ಬೀಳುವ ಮೊದಲೇ ಹಿಂದಿನ ತೊಡೆಯನ್ನು ಇಡಿಯಾಗಿ ಕೇಳಿ ಪಡೆದು, ಫ್ರಿಜ್‌ನಲ್ಲಿ ಚೆನ್ನಾಗಿ ತಣಿಸಿ, ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿಕೊಳ್ಳಬೇಕು.

ಕೋಳಿ ಮತ್ತು ಟರ್ಕಿಯ ಎದೆಮಾಂಸ, ಚರ್ಮ ತೆಗೆದರೆ, ಕೊಬ್ಬಿನ ಲೆಕ್ಕದಲ್ಲಿ ದನದ ತೊಡೆಗಿಂತ ಹಿಂದೆ ಬೀಳುವುದಿಲ್ಲ. ಆದರೆ ಎಳೆ ನವುರಾದ್ದರಿಂದ ಅತಿಯಾಗಿ ಒಣಗಿದರೆ ಪುಡಿಯಾಗುತ್ತದೆ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್‌ಗಳ ಭಯವಿರುವುದರಿಂದ ಅದನ್ನು 74 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುವುದು ಕಡ್ಡಾಯ. ಹಂದಿಯಲ್ಲಿ ಬೆನ್ನಿನ ಲಾಯಿನ್ ಭಾಗವನ್ನು ಬಿಟ್ಟರೆ ಉಳಿದುವು ಬಹುಪಾಲು ಕೊಬ್ಬಿನಿಂದ ಕೂಡಿದವು. ದನ, ಕುರಿಗಳ ಕೊಬ್ಬಿಗಿಂತ ಹಂದಿ, ಕೋಳಿಗಳ ಕೊಬ್ಬು ಹೆಚ್ಚು ಅಪರ್ಯಾಪ್ತ. ಆಮ್ಲಜನಕಕ್ಕೆ ಬೇಗ ಸೋತು ಕಮಟಾಗುತ್ತದೆ. ಆದುದರಿಂದ ಇವುಗಳಲ್ಲಿ ಕೊಬ್ಬಿನ ಬಗೆಗಿನ ಕಟ್ಟುನಿಟ್ಟು ಇನ್ನೂ ಹೆಚ್ಚಬೇಕು.

ಅಮೆರಿಕದಲ್ಲಿ ಮನೆಜರ್ಕಿಗೆ ಜಿಂಕೆಯ ಮಾಂಸವನ್ನೂ ಬಳಸುತ್ತಾರೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದಾಗಿ ಆ ಪ್ರಶ್ನೆಯೇ ಏಳುವುದಿಲ್ಲ. ಆದರೆ ಪರವಾನಗಿ ಪಡೆದು ಬೇಟೆಯಾಡುವ ದೇಶಗಳಲ್ಲಿ ನೆಲೆಸಿದ ಕನ್ನಡಿಗರಿಗೆ ನೆರೆಯವರಿಂದ ಅಂಥ ಮಾಂಸ ಉಡುಗೊರೆಯಾಗಿ ಬರಬಹುದು. ಓಡಾಡಿ ಬೆಳೆದ ಜಿಂಕೆಯ ತೊಡೆ ಕೊಬ್ಬಿನ ಲೆಕ್ಕದಲ್ಲಿ ಜರ್ಕಿಗೆ ಹೇಳಿಮಾಡಿಸಿದಂತಿದೆ. ಇದರಿಂದಲೇ ಕಾಡುಮಾಂಸ ಶುದ್ಧ, ಅದಕ್ಕೆ ಔಷಧ ಹಾಕಿರುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ವಾದ ಹುಟ್ಟುತ್ತದೆ. ಈ ವಾದವನ್ನು ಒಪ್ಪಲಾಗದು. 1995ರಲ್ಲಿ ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಮನೆಯಲ್ಲಿ ಮಾಡಿದ ಜಿಂಕೆ ಜರ್ಕಿ ತಿಂದವರಿಗೆ ಇ. ಕೋಲಿ ಒ157:ಎಚ್7 ಸೋಂಕು ತಗಲಿತು. ಒಟ್ಟು 11 ಪ್ರಕರಣಗಳು ಬೆಳಕಿಗೆ ಬಂದವು. ಅದೇ ವರ್ಷ ಐಡಾಹೋದಲ್ಲಿ ಕೂಗರ್ ಎಂಬ ಕಾಡುಬೆಕ್ಕಿನ ಮಾಂಸದ ಜರ್ಕಿಯಿಂದ ಟ್ರೈಕಿನೆಲ್ಲಾ ಎಂಬ ಹುಳುವಿನ ರೋಗ ಹರಡಿತು. ಸಾಕುಹಂದಿಯಲ್ಲಿ ಸಿಗುವ ಟ್ರೈಕಿನೆಲ್ಲಾ ವಾರಗಟ್ಟಲೆ ಆಳವಾಗಿ ಹೆಪ್ಪುಗಟ್ಟಿಸಿದರೆ ಸಾಯುತ್ತದೆ; ಕಾಡುಪ್ರಾಣಿಗಳಲ್ಲಿರುವ ಕೆಲವು ಪ್ರಭೇದಗಳು ಆ ಚಳಿಯನ್ನೂ ತಾಳಿಕೊಳ್ಳುತ್ತವೆ. ಹಾಗಾಗಿ ಕರಡಿ, ಕೂಗರ್, ಕಾಡುಹಂದಿಗಳಂಥ ಮಾಂಸವನ್ನೂ ತಿನ್ನುವ ಪ್ರಾಣಿಗಳನ್ನು ಜರ್ಕಿಯ ಪಟ್ಟಿಯಿಂದ ದೂರವಿಡುವುದೇ ವಿವೇಕ. ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಎಂಬ ಮಾರಕ ರೋಗವಿರುವ ಸೀಮೆಯಲ್ಲಿ ಪರೀಕ್ಷೆ ಮಾಡಿಸದ ಮಾಂಸವನ್ನು ಬಳಸಬಾರದು. ಆ ರೋಗಕ್ಕೆ ಕಾರಣವಾದ ಪ್ರಿಯಾನ್ ಪ್ರೋಟೀನು ಅಡುಗೆಯ ಶಾಖಕ್ಕೂ ನಾಶವಾಗುವುದಿಲ್ಲ.

ಇಡೀ ತುಂಡೋ, ಖೀಮಾವೋ

ಕೊಚ್ಚಿದ ಮಾಂಸದ ಪರವಾಗಿ ಹೇಳುವ ಮಾತುಗಳು ಹಗುರವಾದವಲ್ಲ. ಅದು ಅಗ್ಗ, ಮಸಾಲೆ ಸಮನಾಗಿ ಬೆರೆಯುತ್ತದೆ, ಹಲ್ಲು ಸಡಿಲವಾದ ಹಿರಿಯರೂ ಜಗಿಯಬಲ್ಲರು. ಆದರೂ ಮನೆಯ ಮಟ್ಟಿಗೆ ಇಡೀ ಸ್ನಾಯುವಿನ ತುಂಡಿಗೇ ಆದ್ಯತೆ ಸಲ್ಲಬೇಕು. ಆರೋಗ್ಯವಂತ ಪ್ರಾಣಿಯ ಸ್ನಾಯುವಿನ ಒಳಭಾಗ ಬಹುಮಟ್ಟಿಗೆ ರೋಗಾಣುರಹಿತ. ವಧೆಯ ವೇಳೆ ಚರ್ಮದಿಂದ, ಕರುಳಿನಿಂದ ಅಂಟುವ ಬ್ಯಾಕ್ಟೀರಿಯಗಳು ಹೊರಮೈಯಲ್ಲಿ ಉಳಿಯುತ್ತವೆ. ಹೊರಮೈ ಮೊದಲು ಕಾಯುತ್ತದೆ, ಮೊದಲು ಒಣಗುತ್ತದೆ, ಉಪ್ಪು ಹುಳಿಗಳೂ ಮೊದಲು ತಾಗುವುದು ಅಲ್ಲಿಗೇ. ಕೊಚ್ಚಿದಾಗ ಆ ಹೊರಮೈ ಎಲ್ಲ ಕಡೆಗೂ ಹಂಚಿಹೋಗುತ್ತದೆ. ಯಂತ್ರದ ಸೂಜಿಗಳಿಂದ ಚುಚ್ಚಿ ಮೆದುಮಾಡಿದ ಮಾಂಸಕ್ಕೂ, ಉಪ್ಪುನೀರು ಚುಚ್ಚಿಸಿ ತೂಕ ಹೆಚ್ಚಿಸಿದ ಮಾಂಸಕ್ಕೂ ಇದೇ ದೋಷವಿದೆ. ನೋಡಲು ಇಡಿಯಾಗಿದ್ದರೂ ಅವು ಒಳಗೆ ಇಡಿಯಲ್ಲ. ಖೀಮಾವನ್ನೇ ಬಳಸಬೇಕೆಂದಿದ್ದರೆ ಕೊಬ್ಬು ಶೇ. 10ನ್ನು ಮೀರದಿರಲಿ, ಕಣ್ಣೆದುರಿಗೇ ಕೊಚ್ಚಿಸಿದ್ದಾಗಿರಲಿ, ಒಳಗಿನವರೆಗೂ 71 ಡಿಗ್ರಿ ಸೆಲ್ಸಿಯಸ್ ಕಾಯಲಿ.

ಈ 71 ಡಿಗ್ರಿಯ ಮಾತು ಇಡೀ ತುಂಡುಗಳಿಗೂ ಅನ್ವಯಿಸುತ್ತದೆ. ಒಣಗಿಸುವ ಮೊದಲೇ ಮಾಂಸವನ್ನು ಆ ಮಟ್ಟಕ್ಕೆ ಕಾಯಿಸಿ, ಆಮೇಲೆ 54ರಿಂದ 60 ಡಿಗ್ರಿಯಲ್ಲಿ ಒಣಗಿಸಬೇಕೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಯಂತ್ರದ ಗುಂಡಿ 60 ಡಿಗ್ರಿ ತೋರಿಸುತ್ತಿದ್ದರೂ, ನೀರು ಆವಿಯಾಗುತ್ತಿರುವಷ್ಟು ಹೊತ್ತು ಮಾಂಸ ತಣ್ಣಗೇ ಇರುತ್ತದೆ. ಅದು ಕಾಯುವ ಹೊತ್ತಿಗೆ ಬ್ಯಾಕ್ಟೀರಿಯಗಳೂ ಒಣಗಿ, ಶಾಖವನ್ನು ತಾಳಿಕೊಳ್ಳುವ ಸ್ಥಿತಿಗೆ ಬಂದಿರುತ್ತವೆ. ಹೀಗೆ ಕಾಯಿಸುವುದಾದರೆ ಮಾಂಸದ ಆಯ್ಕೆಗೆ ಇಷ್ಟು ಮಹತ್ತ್ವ ಏಕೆ ಎಂದು ಕೇಳಬಹುದು. ಉತ್ತರ ಸರಳ: ಶಾಖ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ, ಕೊಬ್ಬನ್ನು ಕಡಿಮೆ ಮಾಡುವುದಿಲ್ಲ, ಪೊರೆಯನ್ನು ಬಿಡಿಸುವುದಿಲ್ಲ, ಪ್ರಿಯಾನನ್ನು ಮುಟ್ಟುವುದೂ ಇಲ್ಲ. ಒಂದೊಂದು ಕ್ರಮ ಒಂದೊಂದು ದೋಷವನ್ನಷ್ಟೆ ನೀಗುತ್ತದೆ. ಮಾಂಸವನ್ನು ನೋಡಿ ಆರಿಸುವುದೊಂದೇ ಎಲ್ಲ ದೋಷಗಳನ್ನೂ ಒಮ್ಮೆಗೇ ಕಡಿಮೆ ಮಾಡಬಲ್ಲ ಹೆಜ್ಜೆ.

ಉಪ್ಪುಕಂಡದ ಪ್ರಶ್ನೆ

ಕನ್ನಡ ನಾಡಿನಿಂದ ಏಳುವ ಆಕ್ಷೇಪವೊಂದಿದೆ. ನಮ್ಮ ಹಿರಿಯರು ಮಟನ್ ತುಂಡುಗಳಿಗೆ ಉಪ್ಪು, ಅರಿಸಿನ, ಖಾರ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಕಟ್ಟಿ ಉಪ್ಪುಕಂಡ ಮಾಡಿದರು. ಉಷ್ಣಮಾಪಕವೂ ಇರಲಿಲ್ಲ, ದರ್ಜೆಯೂ ಇರಲಿಲ್ಲ. ಅವರಿಗೆ ಒಗ್ಗಿದ್ದು ಈಗೇಕೆ ಒಗ್ಗದು? ಆ ಜ್ಞಾನವನ್ನು ಕಡೆಗಣಿಸುವುದು ಸಲ್ಲದು, ಆದರೆ ಅದನ್ನು ಅರ್ಧಕ್ಕೆ ಎತ್ತಿಕೊಳ್ಳುವುದೂ ಸಲ್ಲದು. ಉಪ್ಪುಕಂಡವನ್ನು ಹಾಗೇ ಬಾಯಿಗೆ ಹಾಕಿಕೊಳ್ಳುವ ರೂಢಿ ಇಲ್ಲ. ಅದನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಇಲ್ಲವೇ ನೆನೆಸಿ ಸಾರಿಗೆ ಹಾಕಿ ಬೇಯಿಸುತ್ತಾರೆ. ಜರ್ಕಿಗೆ ಇಲ್ಲದ ಕೊನೆಯ ಶಾಖ ಅದಕ್ಕಿದೆ. ಆ ಬೇಯಿಸುವಿಕೆ ರೋಗಾಣುಗಳನ್ನು ಕೊಲ್ಲುತ್ತದೆ, ಸಾರಿನ ತೇವ ಗಡುಸು ಪೊರೆಯನ್ನೂ ಸ್ವಲ್ಪ ಮೆದುಮಾಡುತ್ತದೆ. ಬೇಸಿಗೆಯ ಬಿರುಬಿಸಿಲೂ ಧಾರಾಳವಾಗಿ ಹಾಕಿದ ಉಪ್ಪೂ ಉಳಿದ ಕೆಲಸ ಮಾಡುತ್ತವೆ. ಆಯ್ಕೆಯಲ್ಲಿ ಸ್ವಲ್ಪ ಸಡಿಲವಿದ್ದರೂ ಉಪ್ಪುಕಂಡ ಸಹಿಸಿಕೊಳ್ಳುವುದು ಈ ಕಾರಣಕ್ಕೆ. ಜರ್ಕಿಯಲ್ಲಿ ಆ ಕೊನೆಯ ಹಂತವನ್ನು ಕೈಬಿಟ್ಟಿರುವುದರಿಂದ ಅದರ ಭಾರವೆಲ್ಲ ಮೊದಲ ಹಂತದ ಮೇಲೆ, ಅಂದರೆ ಮಾಂಸ ಕೊಳ್ಳುವವರ ಮೇಲೆ ಬೀಳುತ್ತದೆ. ಪರಂಪರೆ ಇಲ್ಲಿ ಜರ್ಕಿಯ ನಿಯಮಗಳಿಗೆ ವಿರುದ್ಧವಾಗಿ ಸಾಕ್ಷಿ ಹೇಳುವುದಿಲ್ಲ. ಒಂದು ಕಡೆ ಸಡಿಲಿಸಿದ್ದನ್ನು ಇನ್ನೊಂದು ಕಡೆ ಬಿಗಿ ಮಾಡಬೇಕೆಂದು ತೋರಿಸಿಕೊಡುತ್ತದೆ.

ಆಯ್ಕೆಯ ಕ್ರಮ

ಈ ವಿವೇಚನೆಯಿಂದ ಒಂದು ಕ್ರಮ ಹೊರಡುತ್ತದೆ. ಮೊದಲು ನೋಡಬೇಕಾದದ್ದು ಪ್ರಾಣಿಯ ಹಿನ್ನೆಲೆ: ಆರೋಗ್ಯವಾಗಿದ್ದು, ಶುಚಿಯಾಗಿ ವಧೆಯಾಗಿ, ಬೇಗ ತಣಿಸಲ್ಪಟ್ಟಿದೆಯೇ ಎಂಬುದು. ಎರಡನೆಯದು ಕೊಬ್ಬು, ಅದರಲ್ಲೂ ಚಾಕುವಿಗೆ ಸಿಗದ ಒಳಗೊಬ್ಬು. ಮೂರನೆಯದು ಎಳೆಯ ಏಕರೂಪತೆ, ಪೊರೆಯ ವಿರಳತೆ. ಬೆಲೆ, ಮೆದುತನ, ಪರಿಮಳಗಳ ವಿಚಾರ ಇವುಗಳಾದ ಮೇಲೆ. ಈ ಮೂರು ಪರೀಕ್ಷೆಗಳನ್ನು ದಾಟುವ ದನ, ಎಮ್ಮೆ, ಆಡುಗಳ ಹಿಂದಿನ ತೊಡೆಯೂ, ಎಚ್ಚರಿಕೆಯಿಂದ ಕಾಯಿಸಿದ ಕೋಳಿಯ ಎದೆಯೂ ಮನೆಜರ್ಕಿಗೆ ತಕ್ಕವು. ಹಂದಿಯ ಲಾಯಿನ್, ಕುರಿಯ ತೊಡೆ, ಖೀಮಾಗಳು ಹೆಚ್ಚಿನ ಶ್ರಮ ಕೇಳುವಂಥವು. ಬ್ರಿಸ್ಕೆಟ್, ಮೊಣಕಾಲಿನ ಕೆಳಗಿನ ಮಾಂಸ, ಕತ್ತು, ಮಾಂಸವನ್ನೂ ತಿನ್ನುವ ಕಾಡುಪ್ರಾಣಿ ಬಿಡತಕ್ಕವು. ಎಷ್ಟೇ ಚೆನ್ನಾಗಿ ಆರಿಸಿ ಮಾಡಿದರೂ ಮನೆಯ ಜರ್ಕಿ ಗಾಳಿಯಾಡದ ಡಬ್ಬಿಯಲ್ಲಿ, ಕೋಣೆಯ ತಾಪದಲ್ಲಿ ಸುಮಾರು ಎರಡು ವಾರವಷ್ಟೆ ಚೆನ್ನಾಗಿರುತ್ತದೆಂದು ಅಮೆರಿಕದ ಮನೆ ಆಹಾರ ಸಂರಕ್ಷಣೆಯ ರಾಷ್ಟ್ರೀಯ ಕೇಂದ್ರ ಹೇಳುತ್ತದೆ. ಅದಕ್ಕೂ ಹೆಚ್ಚು ಇಡುವುದಾದರೆ ಫ್ರಿಜ್ ಇಲ್ಲವೇ ಫ್ರೀಜರ್ ಬೇಕು. ಒಂದು ಕಿಲೋ ಕೊಂಡು ಕಾಲು ಕಿಲೋ ಪಡೆಯುವ ಈ ಕೆಲಸದಲ್ಲಿ ಕೆಟ್ಟ ಮಾಂಸ ಯಾವತ್ತೂ ಅಗ್ಗವಲ್ಲ. ಮಾಂಸ ಮಾರುವವರ ಮುಂದೆ ನಿಂತು, ಯಾವ ಭಾಗ, ಯಾವ ದಿನದ್ದು, ಎಲ್ಲಿಯದು ಎಂದು ಕೇಳಿ ತಿಳಿಯುವುದಕ್ಕೆ ಹಿಡಿಯುವ ಹೊತ್ತೇ ಜರ್ಕಿ ಮಾಡುವವರು ಹೂಡಬಹುದಾದ ಅತ್ಯಂತ ಫಲದಾಯಕ ಶ್ರಮ.